ಹಿಡಿಯಕ್ಕಿ

ಅನ್ನದ ಕುಕ್ಕರು ಬಂದ ದಿನ ಅತ್ತೆ ಅದಕ್ಕೆ
ಒಂದು ಸುತ್ತು ಬಂದು, ಮುಚ್ಚಳ ತೆಗೆದು, ಮೂಸಿ,
‘ಪಾತ್ರೆ ಚೆನ್ನಾಗಿದೆ, ಮಾತಾಡುವುದಿಲ್ಲ ತಾನೆ?’ ಎಂದರು.
ಮಾತಾಡುತ್ತದೆ. ಅನ್ನವಾದಾಗ ಮೂರು ಸಲ ಕೂಗುತ್ತದೆ.
‘ಸರಿ, ಕೋಳಿ ಸಾಕಿದ ಹಾಗಾಯಿತು.’
ಐಜಾಲಿನ ಈ ಇಳಿಜಾರಿನಲ್ಲಿ, ಒಬ್ಬರ ಛಾವಣಿ
ಇನ್ನೊಬ್ಬರ ಹೊಸ್ತಿಲಿಗೆ ಭುಜ ಕೊಟ್ಟು ನಿಂತ ಮನೆಗಳಲ್ಲಿ
ಸಂಜೆಯಾದರೆ ಈಗ ಎಲ್ಲ ಅಡುಗೆಮನೆಗಳಲ್ಲೂ ಕೋಳಿ.

ಅತ್ತೆಯ ಹೆಸರು ರೊಥಂಗಿ. ಬಟ್ಟೆ ಒಗೆಯುವ ಯಂತ್ರವೆಂದರೆ ಪ್ರಾಣ.
ದುಂಡು ಗಾಜಿನೆದುರು ಸ್ಟೂಲು ಎಳೆದುಕೊಂಡು
ನಮ್ಮೆಲ್ಲರ ಅಂಗಿಗಳು ಒಂದನ್ನೊಂದು ತಬ್ಬಿ ಉರುಳುವುದನ್ನು
ಧಾರಾವಾಹಿಯ ಹಾಗೆ ನೋಡುತ್ತಾರೆ.
ತೊರೆಯ ಬಂಡೆಗೆ ನಲವತ್ತು ವರ್ಷ ಬಟ್ಟೆ ಬಡಿದ ತೋಳು,
ಅದಕ್ಕೆ ಕೊನೆಗೂ ರಜೆ.
ರಾತ್ರಿಯ ಪ್ರಾರ್ಥನೆಯಲ್ಲಿ ದೇವರಿಗೆ ಯಂತ್ರದ ಹೆಸರನ್ನೂ ಹೇಳುತ್ತಾರೆ,
ಕಂಪನಿಯ ಸಮೇತ.
ಸಂತಳೆಂದು ಬರೆದರೆ ನಗುತ್ತಾರೆ.

ಅಕ್ಕಿಯ ಮಾತು ಮಾತ್ರ ಬೇರೆ.
ಕುಕ್ಕರಿನ ಜೊತೆ ಗೀಟೆಳೆದ ಲೋಟವೊಂದು ಬಂದಿತ್ತು.
ನಾಲ್ಕು ಲೋಟ ಅಕ್ಕಿ, ಗೀಟಿನವರೆಗೆ ನೀರು,
ಕೈ ಮುಟ್ಟಿಸುವ ಗೊಡವೆಯೇ ಇಲ್ಲ.
‘ಹಿಡಿ ಎಲ್ಲಿ?’ ಎಂದರು.
ಪ್ರತಿ ಹೊತ್ತೂ ಒಲೆಗೇರಿಸುವ ಮೊದಲು
ಸಭೆಗೆಂದು ಬೇರೆ ತೆಗೆದಿಡುವ ಒಂದು ಹಿಡಿ.
ಅದನ್ನೀಗ ಫೋನಿನಲ್ಲೇ ಕಳಿಸಬಹುದು ಅತ್ತೆ,
ತಿಂಗಳಿಗೊಮ್ಮೆ, ಮರೆಯದೆ, ತಾನಾಗಿಯೇ.
‘ತಾನಾಗಿಯೇ ಹೋದರೆ ನೀನು ಎಲ್ಲಿಗೆ ಹೋದೆ?’

ಐವತ್ತೊಂಬತ್ತರಲ್ಲಿ ಬಿದಿರು ಹೂಬಿಟ್ಟಾಗ ಅವರಿಗೆ ಎಂಟು ವರ್ಷ.
ಇಲಿಗಳು ಗುಡ್ಡ ಇಳಿದು ಬಂದವು, ಮಳೆ ಬಂದ ಹಾಗೆ ಸದ್ದು,
ಬೆಳಗಾಗುವಾಗ ಕಣಜದಲ್ಲಿ ಹೊಟ್ಟು.
ಆಮೇಲೆ ಬರೀ ಕಾಡುಗೆಣಸು. ಅವರ ಅವ್ವ ಗೆಣಸಿನಲ್ಲೂ
ಒಂದು ತುಂಡು ಕತ್ತರಿಸಿ ಡಬ್ಬಿಗೆ ಹಾಕುತ್ತಿದ್ದಳಂತೆ.
‘ಒಮ್ಮೆ ಕದ್ದು ತಿಂದೆ’ ಎನ್ನುವಾಗ ಅತ್ತೆ
ಈ ವಯಸ್ಸಿನಲ್ಲೂ ದನಿ ತಗ್ಗಿಸುತ್ತಾರೆ.
ಆ ವಾರ ಸಭೆಯವರು ಊರ ಡಬ್ಬಿಗಳನ್ನೆಲ್ಲ ಕೂಡಿಸಿ
ತಂದು ಕೊಟ್ಟದ್ದು ಅವರ ಮನೆಗೇ.
ಒಂದು ತುಂಡು ಕಡಿಮೆ.
ಅವ್ವ ಬುಟ್ಟಿ ನೋಡಿ, ಮಕ್ಕಳನ್ನು ನೋಡಿ, ‘ಸಾಕು’ ಅಂದಳು.
ಆರು ಮಕ್ಕಳನ್ನು ಸಾಕಿದ್ದು ಆ ಮಾತು.

ನನಗೆ ಅದು ಅಷ್ಟು ಸುಲಭಕ್ಕೆ ನಾಲಿಗೆಗೆ ಬರುವುದಿಲ್ಲ.
ಫ್ರಿಜ್ಜು ಇದೆ; ಎರಡು ಬಾಗಿಲಿನದು ಬೇಕು.
ಇದರೊಳಗೆ ಮೊನ್ನೆಯ ಮಾಂಸ, ಯಾವ ಕ್ರಿಸ್‌ಮಸ್ಸಿನದೋ ಕೇಕು
ಹೆಪ್ಪುಗಟ್ಟಿ ಕೂತಿವೆ, ಬಿಡಿಸಲು ಚಾಕು ಬೇಕು.
ನಾಳೆಗೆಂದು ಬಚ್ಚಿಟ್ಟ ಮನ್ನಕ್ಕೆ ಹುಳ ಬಿತ್ತೆಂದು
ಸಂಡೇ ಸ್ಕೂಲಿನಲ್ಲಿ ಕಲಿಸುವವಳೂ ನಾನೇ.
‘ಅವರ ಹತ್ತಿರ ಫ್ರೀಜರ್ ಇರಲಿಲ್ಲ ಟೀಚರ್’
ಅಂದ ಮಾಲ್ಸೋಮಾ, ಎರಡನೇ ಬೆಂಚು.
ಇನ್ನೂ ಐದು ನಿಮಿಷವಿತ್ತು. ಗಂಟೆ ಹೊಡೆಸಿಬಿಟ್ಟೆ.

ಈ ಸಂಜೆ ಚೀಲಕ್ಕೆ ಮೊಣಕೈವರೆಗೆ ಕೈ ಹಾಕಿದೆ.
ಅಕ್ಕಿ ಒಳಗೆ ತಣ್ಣಗಿರುತ್ತದೆ, ಮರೆತೇಹೋಗಿತ್ತು.
ಬೆರಳ ಸಂದಿಯಲ್ಲಿ ಒಂದಿಷ್ಟು ಜಾರಿತು, ಜಾರದ್ದು ಡಬ್ಬಿಗೆ.
ಅತ್ತೆ ಇಣುಕಿ ನೋಡಿದರು:
‘ನನ್ನದಕ್ಕಿಂತ ಚಿಕ್ಕದು. ಇರಲಿ, ಕೈ ಕೊಟ್ಟವನು ಅವನು,
ಲೆಕ್ಕವೂ ಅವನದೇ.’

ಸೊಪ್ಪು ತೊಳೆಯುತ್ತ ಫೋನು ನೋಡಿದೆ.
ಎರಡು ಬಾಗಿಲಿನದು ಇನ್ನೂ ಅಲ್ಲೇ ನಿಂತಿತ್ತು,
ಇಂದೇ ಕೊನೆ, ಇಂದೇ ಕೊನೆ ಎನ್ನುತ್ತ.
ಒತ್ತಿದೆ. ಒದ್ದೆ ಬೆರಳು, ಪರದೆಗೆ ನನ್ನ ಗುರುತು ಸಿಗಲಿಲ್ಲ.
ಮತ್ತೆ ಒತ್ತಿದೆ.
ಒರೆಸಿಕೊಂಡು ಮೂರನೆಯ ಸಲಕ್ಕೆ ಬೆರಳೆತ್ತಿದ್ದೆ,
ಹಿಂದಿನಿಂದ ಕುಕ್ಕರು ಕೂಗಿತು.
‘ಕೋಳಿ!’ ಎಂದು ನಕ್ಕರು ಅತ್ತೆ, ತಟ್ಟೆ ಇಡುತ್ತ.